ಭಿತ್ತಿಪತ್ರ ಅಂಟಿಸಿದ್ದಾಯಿತು, ಪ್ರತಿಜ್ಞೆ ಮಾಡಿದ್ದಾಯಿತು; ಕ್ಯಾಂಪಸ್ಸಿನ ವಿದ್ಯುತ್ ಬಳಕೆ ಮಾತ್ರ ಇಳಿದಿಲ್ಲ. ವಿದ್ಯಾರ್ಥಿಗಳು ನಿಜಕ್ಕೂ ಏನು ಮಾಡಬಹುದು?

ಮಿಣುಕುಹುಳ
ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ, ಕಾಲೇಜಿನ ಪರಿಸರ ಸಂಘದ ಕೆಲಸ ನೋಡಿಕೊಳ್ಳುತ್ತೇನೆ. ಕಳೆದ ವರ್ಷ ನಾವು ಪ್ರತಿ ಸ್ವಿಚ್ ಬೋರ್ಡಿನ ಪಕ್ಕ ಚೀಟಿ ಅಂಟಿಸಿದೆವು, ಅರ್ಥ್ ಅವರ್ ದಿನ ಒಂದು ಗಂಟೆ ದೀಪ ಆರಿಸಿದೆವು, ಹೊಸದಾಗಿ ಸೇರಿದವರಿಂದ ಪ್ರತಿಜ್ಞೆ ಮಾಡಿಸಿದೆವು. ಇಷ್ಟೆಲ್ಲ ಆದ ಮೇಲೆ ಕಿರಿಯ ವಿದ್ಯಾರ್ಥಿಯೊಬ್ಬ "ಎಷ್ಟು ಯೂನಿಟ್ ಉಳಿಯಿತು?" ಎಂದು ಕೇಳಿದ. ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಿಲ್ ನೋಡೋಣವೆಂದು ಕಚೇರಿಗೆ ಹೋದರೆ "ಅದು ಆಡಳಿತದ ವಿಷಯ, ನಿಮಗೇಕೆ?" ಎಂದರು.

ನನ್ನ ಪ್ರಶ್ನೆ ಇಷ್ಟೇ. ಅಧಿಕಾರವೂ ಇಲ್ಲದ, ಹಣವೂ ಇಲ್ಲದ ವಿದ್ಯಾರ್ಥಿಗಳು ಬಳಕೆಯನ್ನು ಅಳೆದು ತೋರಿಸುವಷ್ಟು ಇಳಿಸಲು ಸಾಧ್ಯವೇ? ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. ಮತ್ತೊಂದು ವರ್ಷ ಚೀಟಿ ಅಂಟಿಸಲು ನನಗೆ ಮನಸ್ಸಿಲ್ಲ.

ನೇರನುಡಿ
ಸಾಧ್ಯವಿಲ್ಲ. ಕಟ್ಟಡ ಕಟ್ಟಿಸುವವರು, ಯಂತ್ರ ಕೊಳ್ಳುವವರು, ಬಿಲ್ ಕಟ್ಟುವವರು ಎಲ್ಲರೂ ಆಡಳಿತದವರು. ಅವರ ಜವಾಬ್ದಾರಿಯನ್ನು ಹದಿನೆಂಟು, ಇಪ್ಪತ್ತು ವರ್ಷದವರ ತಲೆಗೆ ಕಟ್ಟುವುದು ಅನ್ಯಾಯ.

ನಿವೃತ್ತ ಎಲೆಕ್ಟ್ರಿಕಲ್
ಒಂದು ಶಿಕ್ಷಣ ಸಂಸ್ಥೆಯ ನಿರ್ವಹಣಾ ವಿಭಾಗದಲ್ಲಿ ಸೇವೆ ಮುಗಿಸಿದವನು ನಾನು. ಮಿಣುಕುಹುಳ ಅವರೇ, ಬಿಲ್ ಸಿಗದಿದ್ದರೆ ಬೇಸರಿಸಬೇಡಿ. ತಿಂಗಳಿಗೊಂದು ಅಂಕಿ ಇಟ್ಟುಕೊಂಡು ಯಾರೂ ಏನನ್ನೂ ಕಂಡುಹಿಡಿಯಲಾರರು. ನಿಮಗೆ ಬೇಕಾಗಿರುವುದು ದಿನದ 24 ಗಂಟೆಯ ಲೋಡ್, ಅಂದರೆ ಆಯಾ ಹೊತ್ತಿಗೆ ಹರಿಯುವ ವಿದ್ಯುತ್, ಎಷ್ಟೆಷ್ಟು ಎಂಬ ರೇಖೆ. ಅದರಲ್ಲೂ ಎಲ್ಲರೂ ಮನೆಗೆ ಹೋದ ಮೇಲೆ ಮೀಟರ್ ಯಾವ ವೇಗದಲ್ಲಿ ಓಡುತ್ತಿದೆ ಎಂಬುದು.

ಒಂದು ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ದಿನಕ್ಕೆ 10 ಗಂಟೆಯಂತೆ 5 ದಿನ ತರಗತಿ ನಡೆಯಿತು ಎಂದರೆ 50 ಗಂಟೆ. ಉಳಿದ 118 ಗಂಟೆ ತರಗತಿಯ ಕಟ್ಟಡ ಖಾಲಿ. ಆ ಹೊತ್ತಿನಲ್ಲಿ ಸುಮ್ಮನೆ 10 ಕಿಲೋವ್ಯಾಟ್ ಹರಿಯುತ್ತಿದ್ದರೂ ವಾರಕ್ಕೆ 1,180 ಯೂನಿಟ್ ಹೋಯಿತು. ನಿಮ್ಮ ಚೀಟಿಗಳು ಮಾತನಾಡುವುದು 50 ಗಂಟೆಯ ಬಗ್ಗೆ. ಪೋಲಾಗುವುದು 118 ಗಂಟೆಯಲ್ಲಿ.

ಎಲ್ಲಿ ಹೋಗುತ್ತದೆ ಎಂದು ಕೇಳುತ್ತೀರಿ. ಕಾರಿಡಾರಿನ ನೀರಿನ ಕೂಲರ್ ರಾತ್ರಿಯಿಡೀ ನೀರು ತಣ್ಣಗಿಡುತ್ತದೆ. ಶೌಚಾಲಯದ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಲೇ ಇರುತ್ತದೆ. ಕಂಪ್ಯೂಟರ್ ಪ್ರಯೋಗಾಲಯದ ಯುಪಿಎಸ್, ಅದನ್ನು ತಂಪಾಗಿಡಲು ಒಂದು ಎಸಿ, ತುಂಬಿ ಹರಿಯುತ್ತಿರುವ ಮೇಲ್ತೊಟ್ಟಿಗೆ ನೀರೆತ್ತುತ್ತಿರುವ ಪಂಪ್. ಟ್ರಾನ್ಸ್‌ಫಾರ್ಮರ್ ಅಂತೂ ಲೋಡ್ ಇರಲಿ, ಬಿಡಲಿ, ತನ್ನ ಪಾಲನ್ನು ತಿನ್ನುತ್ತಲೇ ಇರುತ್ತದೆ. ಇವುಗಳ ಪಟ್ಟಿ ಮಾಡಲು ಅಧಿಕಾರ ಬೇಕಿಲ್ಲ. ಸಂಜೆ ಕೀಲಿ ಹಾಕುವ ಸಿಬ್ಬಂದಿಯ ಜೊತೆ ಒಂದು ಸುತ್ತು ಹೋದರೆ ಸಾಕು.

ಎರಡನೇ ಮಹಡಿ
ಸರ್, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. 118 ಗಂಟೆಯ ಲೆಕ್ಕವನ್ನು ನಮ್ಮ ಗುಂಪಿನಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅಂಕಿಅಂಶ
ನೇರನುಡಿ ಅವರ "ಸಾಧ್ಯವಿಲ್ಲ" ಎಂಬ ಮಾತನ್ನು ಒಪ್ಪುವುದಿಲ್ಲ. ಅಮೆರಿಕದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ವಿದ್ಯಾರ್ಥಿ ನಿಲಯಗಳ ನಡುವೆ ಎರಡು ವಾರಗಳ ಸ್ಪರ್ಧೆ ನಡೆಯಿತು. ಒಟ್ಟಾರೆ ವಿದ್ಯುತ್ ಬಳಕೆ ಶೇ. 32ರಷ್ಟು ಇಳಿಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಎರಡು ನಿಲಯಗಳಲ್ಲಿ ಆ ಕ್ಷಣದ ಬಳಕೆ ಪರದೆಯ ಮೇಲೆ ಕಾಣುತ್ತಿತ್ತು, ಉಳಿದವುಗಳಿಗೆ ವಾರಕ್ಕೊಮ್ಮೆ ಮೀಟರ್ ಓದಿ ತಿಳಿಸುತ್ತಿದ್ದರು. ಕ್ಷಣಕ್ಷಣದ ಅಂಕಿ ಕಂಡವರು ಶೇ. 55ರಷ್ಟು ಇಳಿಸಿದರು, ವಾರಕ್ಕೊಮ್ಮೆ ತಿಳಿದವರು ಶೇ. 31ರಷ್ಟು. ಯಾರ ಬಳಿಯೂ ಹೊಸ ಯಂತ್ರವಿರಲಿಲ್ಲ, ಕಟ್ಟಡಗಳೂ ಅವೇ. ಬಳಕೆ ಕಣ್ಣಿಗೆ ಕಂಡಿತು, ಅಷ್ಟೇ.

ನೇರನುಡಿ
ಎರಡು ವಾರ! ಸ್ಪರ್ಧೆ ಇರುವಷ್ಟು ದಿನ ಕತ್ತಲಲ್ಲಿ ಕುಳಿತು, ಬಹುಮಾನ ಬಂದ ಮರುದಿನ ಎಲ್ಲ ದೀಪ ಹೊತ್ತಿಸಿದರೆ ಅದಕ್ಕೆ ಉಳಿತಾಯ ಎನ್ನುವುದು ಹೇಗೆ? ಅದೇ ಸ್ಪರ್ಧೆಯಲ್ಲಿ ನೀರಿನ ಬಳಕೆ ಎಷ್ಟು ಇಳಿಯಿತು ಎಂಬುದನ್ನೂ ಹೇಳಿ.

ಅಂಕಿಅಂಶ
ಶೇ. 3 ಮಾತ್ರ. ನಿಮ್ಮ ಆಕ್ಷೇಪದಲ್ಲಿ ಹುರುಳಿದೆ. ಸ್ಪರ್ಧೆಯ ಬಿಸಿ ಆರಿದ ಮೇಲೆ ಬಳಕೆ ಮತ್ತೆ ಮೇಲಕ್ಕೆ ಸರಿಯುವುದು ಎಲ್ಲ ಕಡೆಯೂ ಇರುವ ತೊಂದರೆ. ಆದರೆ ಆ ಎರಡು ವಾರಗಳು ಒಂದು ವಿಷಯವನ್ನು ಬಯಲಿಗಿಟ್ಟವು. ಅಷ್ಟು ಬಳಕೆ ಅಗತ್ಯವೇ ಇರಲಿಲ್ಲ! ಅದನ್ನು ಕಾಯಂ ಮಾಡುವುದು ಹೇಗೆ ಎಂಬುದು ಎರಡನೇ ಪ್ರಶ್ನೆ. ಟೈಮರ್ ಹಾಕುವುದು, ಸೆನ್ಸರ್ ಹಾಕುವುದು ಆಗ ಬರುತ್ತದೆ.

ಹಳೆಯ ವಾರ್ಡನ್
ನಿಲಯದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಿಲಯದಲ್ಲಿ ಬಳಸುವವರು ಬಿಲ್ ಕಟ್ಟುವುದಿಲ್ಲ, ಕಟ್ಟುವವರು ಬಳಸುವುದಿಲ್ಲ. ಹಾಗಾಗಿ ಮಾತೆತ್ತಿದರೆ ವಾರ್ಡನ್ ಮತ್ತು ಹುಡುಗರ ನಡುವೆ ಮೊಬೈಲ್ ಚಾರ್ಜರ್ ಬಗ್ಗೆ ಜಗಳ. ಚಾರ್ಜರ್ ಕಿತ್ತಿಡಿ, ಚಾರ್ಜರ್ ಕಿತ್ತಿಡಿ ಎಂದು ಎಲ್ಲ ನಿಲಯಗಳಲ್ಲೂ ಕೂಗುತ್ತಾರೆ. ಬಿಸಿನೀರಿನ ಬಗ್ಗೆ ಮಾತ್ರ ಯಾರೂ ಮಾತನಾಡುವುದಿಲ್ಲ.

20 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡಲು ಸುಮಾರು 0.58 ಯೂನಿಟ್ ಬೇಕು. ಇದು ಭೌತಶಾಸ್ತ್ರದ ಲೆಕ್ಕ, ಯಾವ ಕಂಪನಿಯ ಗೀಸರ್ ತಂದರೂ ಇದಕ್ಕಿಂತ ಕಡಿಮೆಯಾಗುವುದಿಲ್ಲ. ಒಂದು ಮೊಬೈಲ್ ಪೂರ್ತಿ ಚಾರ್ಜ್ ಆಗಲು 0.02 ಯೂನಿಟ್ ಆಸುಪಾಸು. ಅಂದರೆ ಒಂದು ಸ್ನಾನಕ್ಕೆ ಹೋಗುವ ವಿದ್ಯುತ್ತಿನಲ್ಲಿ ಒಂದು ಮೊಬೈಲನ್ನು ಹೆಚ್ಚುಕಡಿಮೆ ಒಂದು ತಿಂಗಳು ನಡೆಸಬಹುದು. ಚಾರ್ಜರ್ ಬಗ್ಗೆ ಕೂಗಾಡಿ ಬಿಸಿನೀರನ್ನು ಬಿಡುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಚಾವಣಿಯ ಮೇಲೆ ಸೌರ ನೀರು ಕಾಯಿಸುವ ಸಾಧನವಿದ್ದೂ ಅದರ ಪೈಪಿಗೆ ಹೊದಿಕೆ ಇಲ್ಲದೆ ನೀರು ಸ್ನಾನದ ಮನೆ ತಲುಪುವಷ್ಟರಲ್ಲಿ ಆರಿಹೋಗುವ ಕಟ್ಟಡಗಳನ್ನು ನಾನು ಕಂಡಿದ್ದೇನೆ. ಹುಡುಗರು ನಲ್ಲಿ ಬಿಟ್ಟು, ತಣ್ಣೀರು ಹರಿದುಹೋಗಲಿ ಎಂದು ಕಾಯುತ್ತಾ ನಿಂತಿರುತ್ತಾರೆ. ಅಲ್ಲಿ ನೀರೂ ಹೋಯಿತು, ಶಾಖವೂ ಹೋಯಿತು.

ಎರಡನೇ ಮಹಡಿ
ನಮ್ಮ ನಿಲಯದಲ್ಲೂ ಇದೇ ಕಥೆ. ಕೊನೆಯ ಕೋಣೆಯವರಿಗೆ ಬಿಸಿನೀರು ಬರುವಷ್ಟರಲ್ಲಿ ಅರ್ಧ ಬಕೆಟ್ ಚರಂಡಿಗೆ ಹೋಗುತ್ತದೆ. ಪೈಪಿಗೆ ಹೊದಿಕೆ ಹಾಕಿಸಿ ಎಂದು ಅರ್ಜಿ ಕೊಟ್ಟರೆ ಆಗುತ್ತದೆಯೇ?

ಹಳೆಯ ವಾರ್ಡನ್
ಅರ್ಜಿಯ ಜೊತೆ ಅಳತೆ ಕೊಡಿ. ತೊಟ್ಟಿಯ ಬಳಿ ನೀರಿನ ಬಿಸಿ ಎಷ್ಟು, ಕೊನೆಯ ನಲ್ಲಿಯಲ್ಲಿ ಎಷ್ಟು, ಬಿಸಿನೀರು ಬರುವ ಮುನ್ನ ಎಷ್ಟು ಲೀಟರ್ ಹರಿದುಹೋಗುತ್ತದೆ. ಬರೀ ದೂರಾದರೆ ಕಡತಕ್ಕೆ ಸೇರುತ್ತದೆ. ಅಳತೆ ಇದ್ದರೆ ಯಾರಾದರೂ ಒಬ್ಬರು ಉತ್ತರ ಕೊಡಲೇಬೇಕಾಗುತ್ತದೆ.

ಸೂರ್ಯಪಾನ
ಇಷ್ಟೆಲ್ಲ ತಲೆಬಿಸಿ ಏಕೆ? ಚಾವಣಿಯ ತುಂಬ ಸೌರ ಫಲಕ ಹಾಕಿಸಿ. ವಿದ್ಯಾರ್ಥಿಗಳು ಅದಕ್ಕೇ ಪಟ್ಟು ಹಿಡಿಯಲಿ.

ನಿವೃತ್ತ ಎಲೆಕ್ಟ್ರಿಕಲ್
ಸೌರ ಫಲಕ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಅನುಕ್ರಮ ಮುಖ್ಯ. ಒಳ್ಳೆಯ ಬಿಸಿಲಿರುವ ಕಡೆ 1 ಕಿಲೋವ್ಯಾಟ್ ಫಲಕದಿಂದ ದಿನಕ್ಕೆ ಸರಾಸರಿ 4 ಯೂನಿಟ್ ಬರುತ್ತದೆ. ಅದಕ್ಕೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಜಾಗ ಬೇಕು. ಈಗ ಹಳೆಯ ಸೀಲಿಂಗ್ ಫ್ಯಾನ್ ನೋಡಿ. ಅದು 75 ವ್ಯಾಟ್ ಎಳೆಯುತ್ತದೆ, ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ ಬಿಎಲ್‌ಡಿಸಿ ಮೋಟಾರಿನ ಹೊಸ ಬಗೆಯ ಫ್ಯಾನ್ ಸುಮಾರು 30 ವ್ಯಾಟ್. ದಿನಕ್ಕೆ 9 ಗಂಟೆ ತಿರುಗುವ ಹತ್ತು ಫ್ಯಾನ್ ಬದಲಿಸಿದರೆ 4 ಯೂನಿಟ್ ಉಳಿಯಿತು. ಅದೇ 1 ಕಿಲೋವ್ಯಾಟ್ ಫಲಕದ ಕೆಲಸ, ಮೋಡ ಕವಿದ ದಿನವೂ ಆಗುತ್ತದೆ. ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಫಲಕ ಹಾಕಿಸಿ. ಆಗ ಚಿಕ್ಕ ಫಲಕವೇ ಸಾಕಾದೀತು.

ಸೂರ್ಯಪಾನ
ಎರಡನ್ನೂ ಒಟ್ಟಿಗೆ ಮಾಡಬಾರದು ಎಂದೇನಿಲ್ಲವಲ್ಲ ಸರ್. "ಮೊದಲು ಉಳಿತಾಯ" ಎನ್ನುತ್ತಾ ಫಲಕವನ್ನು ವರ್ಷಗಟ್ಟಲೆ ಮುಂದೂಡುವವರನ್ನು ನೋಡಿ ಸಾಕಾಗಿದೆ. ಹಾಕಿದ ಫಲಕಗಳನ್ನೂ ಯಾರೂ ಗಮನಿಸುವುದಿಲ್ಲ. ನಮ್ಮಲ್ಲಿ ಇನ್ವರ್ಟರಿನ ಕೆಂಪು ದೀಪ ಉರಿಯುತ್ತಿದ್ದದ್ದನ್ನು ಮೊದಲು ಕಂಡವಳು ಚಾವಣಿಯಲ್ಲಿ ಓದಲು ಕೂರುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಉತ್ಪಾದನೆ ಯಾವತ್ತಿನಿಂದ ನಿಂತಿತ್ತೋ ಹೇಳುವವರೇ ಇರಲಿಲ್ಲ. ಆಮೇಲೆ ಅವಳೂ ಅವಳ ಗೆಳತಿಯರೂ ದಿನದ ಉತ್ಪಾದನೆ ಬರೆದಿಡಲು ಶುರುಮಾಡಿದರು, ದೂಳು ಕೂತಾಗ ತೊಳೆಸುವುದನ್ನೂ ಅವರೇ ನೆನಪಿಸುತ್ತಾರೆ. ವಿದ್ಯಾರ್ಥಿಗಳ ಕಣ್ಣು ಬೇಕಾಗಿರುವುದು ಇಂಥ ಕಡೆ.

ನಿವೃತ್ತ ಎಲೆಕ್ಟ್ರಿಕಲ್
ಇದನ್ನು ಪೂರ್ತಿ ಒಪ್ಪುತ್ತೇನೆ.

ಪ್ರಯೋಗಶಾಲೆಯ ಮೂಲೆ
ಎಲ್ಲರೂ ದೀಪ, ಫ್ಯಾನ್ ಎನ್ನುತ್ತಿದ್ದೀರಿ. ಸಂಶೋಧನೆ ನಡೆಯುವ ಕ್ಯಾಂಪಸ್ ಆದರೆ ಪ್ರಯೋಗಾಲಯಗಳತ್ತ ತಿರುಗಿ. ನಾನು ಪಿಎಚ್.ಡಿ. ಮಾಡುತ್ತಿರುವ ವಿಭಾಗದಲ್ಲಿ ಮೈನಸ್ 80 ಡಿಗ್ರಿಯ ಫ್ರೀಜರ್‌ಗಳಿವೆ. ಹಳೆಯ ಫ್ರೀಜರ್ ಒಂದು ದಿನಕ್ಕೆ 20 ಯೂನಿಟ್ ಆಸುಪಾಸು ತಿನ್ನಬಲ್ಲದು. ಅದನ್ನು ಮೈನಸ್ 70ಕ್ಕೆ ಇಟ್ಟರೆ ಬಳಕೆ ಸುಮಾರು ಶೇ. 30ರಷ್ಟು ಇಳಿಯುತ್ತದೆ, ಬಹುಪಾಲು ಮಾದರಿಗಳಿಗೆ ಅಷ್ಟು ತಂಪು ಸಾಕು. ನಮ್ಮ ಫ್ರೀಜರಿನೊಳಗೆ ಬಿಟ್ಟುಹೋದ ವಿದ್ಯಾರ್ಥಿಗಳ ಪೆಟ್ಟಿಗೆಗಳೇ ಅರ್ಧದಷ್ಟಿದ್ದವು. ಮುಚ್ಚಳದ ಮೇಲಿನ ಶಾಯಿ ಅಳಿಸಿಹೋಗಿ ಯಾರದೆಂದೇ ತಿಳಿಯದು. ಮಂಜು ಕೆರೆದು, ಪೆಟ್ಟಿಗೆಗಳನ್ನು ಹೊರಗಿಟ್ಟು, ಮಾರ್ಗದರ್ಶಕರ ಒಪ್ಪಿಗೆ ಪಡೆದು ಬೇಡದ್ದನ್ನು ವಿಲೇವಾರಿ ಮಾಡಿದ ಮೇಲೆ ಒಂದು ಫ್ರೀಜರನ್ನು ಪೂರ್ತಿ ಆರಿಸಲು ಸಾಧ್ಯವಾಯಿತು. ಈ ಕೆಲಸ ಯಾವ ಆಡಳಿತಾಧಿಕಾರಿಗೂ ಆಗುವಂಥದ್ದಲ್ಲ; ಒಳಗೇನಿದೆ ಎಂದು ಗೊತ್ತಿರುವುದು ವಿದ್ಯಾರ್ಥಿಗಳಿಗೆ ಮಾತ್ರ.

ಇನ್ನೊಂದು ಫ್ಯೂಮ್ ಹುಡ್. ರಾಸಾಯನಿಕದ ಹೊಗೆ ಹೊರಗೆಳೆಯುವ ಆ ಪೆಟ್ಟಿಗೆ, ಕೋಣೆಯ ಎಸಿ ಗಾಳಿಯನ್ನೂ ಎಳೆದು ಹೊರಗೆ ಎಸೆಯುತ್ತದೆ. ಅಮೆರಿಕದ ಅಂದಾಜಿನ ಪ್ರಕಾರ ಒಂದು ಹುಡ್ ವರ್ಷಕ್ಕೆ ಬಳಸುವ ಶಕ್ತಿ ಅಲ್ಲಿನ ಮೂರು ಮನೆಗಳಿಗಿಂತ ಹೆಚ್ಚು. ಗಾಳಿಯ ಪ್ರಮಾಣ ತಾನೇ ಹೊಂದಿಸಿಕೊಳ್ಳುವ ಹುಡ್ ಆದರೆ, ಕೆಲಸ ಮುಗಿದ ಮೇಲೆ ಗಾಜಿನ ಬಾಗಿಲು ಕೆಳಕ್ಕೆಳೆದರೆ ಅದರ ದೊಡ್ಡ ಪಾಲು ಉಳಿಯುತ್ತದೆ. ಹಾರ್ವರ್ಡ್‌ನಂಥ ಕಡೆ ಇದಕ್ಕೆಂದೇ ಆಂದೋಲನ ನಡೆಸಿದ್ದಾರೆ.

ನೇರನುಡಿ
ಫ್ರೀಜರಿನ ತಂಪು ಬದಲಿಸಿ ಯಾರದಾದರೂ ಐದು ವರ್ಷದ ಮಾದರಿ ಹಾಳಾದರೆ?

ಪ್ರಯೋಗಶಾಲೆಯ ಮೂಲೆ
ಅದಕ್ಕೇ ಮಾರ್ಗದರ್ಶಕರ ಒಪ್ಪಿಗೆ ಎಂದೆ. ಯಾವ ಮಾದರಿಗೆ ಎಷ್ಟು ತಂಪು ಬೇಕೆಂಬುದನ್ನು ಆಯಾ ಪ್ರಯೋಗಾಲಯವೇ ತೀರ್ಮಾನಿಸಬೇಕು. ಒಂದು ಫ್ರೀಜರಿನಿಂದ ಶುರುಮಾಡಬಹುದು. ಭಯವೆಂದು ಎಲ್ಲವನ್ನೂ ಇದ್ದಂತೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಗಾಳಿಪಟ
ಕ್ಷಮಿಸಿ, ನೀವೆಲ್ಲ ಮರ ನೋಡುತ್ತಾ ಕಾಡನ್ನು ಮರೆತಿದ್ದೀರಿ. ವಿದ್ಯಾರ್ಥಿಗಳ ನಿಜವಾದ ಬಲ ಸಾಮೂಹಿಕ ಒತ್ತಾಯದಲ್ಲಿದೆ. ವಿಶ್ವವಿದ್ಯಾಲಯಗಳು ಕಲ್ಲಿದ್ದಲು, ತೈಲ ಕಂಪನಿಗಳಲ್ಲಿ ಹೂಡಿದ ಹಣವನ್ನು ಹಿಂತೆಗೆಯಲಿ ಎಂಬ ಆಂದೋಲನ 2011ರ ಸುಮಾರಿಗೆ ಅಮೆರಿಕದ ಸ್ವಾರ್ತ್‌ಮೋರ್ ಕಾಲೇಜಿನ ವಿದ್ಯಾರ್ಥಿಗಳಿಂದ ಶುರುವಾಯಿತು. 2014ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯ ಹಿಂತೆಗೆಯಲು ಒಪ್ಪಿತು, ಯುರೋಪಿನಲ್ಲಿ ಅದೇ ಮೊದಲು. ಹಾರ್ವರ್ಡ್ ವರ್ಷಗಟ್ಟಲೆ ನಿರಾಕರಿಸಿ 2021ರಲ್ಲಿ ಮಣಿಯಿತು. ಫ್ಯಾನ್ ಎಣಿಸುತ್ತಾ ಕುಳಿತಿದ್ದರೆ ಇದಾಗುತ್ತಿತ್ತೇ?

ಅಂಕಿಅಂಶ
ಎರಡೂ ಬೇಕು, ಆದರೆ ಒತ್ತಾಯಕ್ಕೆ ಸಿಗುವುದು ಹೆಚ್ಚಾಗಿ ಘೋಷಣೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2013ರಲ್ಲಿ, 2025ರೊಳಗೆ ತನ್ನ ಕಾರ್ಯಾಚರಣೆಯನ್ನು ಕಾರ್ಬನ್ ಸಮತೋಲಕ್ಕೆ (ತಾನು ಹೊರಸೂಸಿದಷ್ಟನ್ನು ಇಳಿಸಿಯೋ ಬೇರೆಡೆಯ ಉಳಿತಾಯದಿಂದ ಸರಿದೂಗಿಸಿಯೋ ಲೆಕ್ಕ ಸೊನ್ನೆ ಮಾಡುವುದು) ತರುತ್ತೇನೆ ಎಂದು ಘೋಷಿಸಿತು. 2023ರಲ್ಲಿ ಆ ನೀತಿಯನ್ನೇ ಬದಲಿಸಿ, 2019ಕ್ಕೆ ಹೋಲಿಸಿ ಶೇ. 90ರಷ್ಟು ಹೊರಸೂಸುವಿಕೆಯನ್ನು 2045ರೊಳಗೆ ಇಳಿಸುವ ಗುರಿ ಇಟ್ಟುಕೊಂಡಿತು. ಬೇರೆಡೆಯ ಉಳಿತಾಯವನ್ನು ಹಣ ಕೊಟ್ಟು ಕೊಂಡು ಲೆಕ್ಕ ಸರಿದೂಗಿಸುವುದಕ್ಕಿಂತ ತನ್ನ ಬಾಯ್ಲರುಗಳಲ್ಲೇ ಇಂಧನ ಸುಡುವುದನ್ನು ನಿಲ್ಲಿಸುವುದು ಪ್ರಾಮಾಣಿಕ ದಾರಿ ಎಂಬುದು ನನ್ನ ಅಭಿಪ್ರಾಯ. ಆದರೆ ಗಡುವು ಇಪ್ಪತ್ತು ವರ್ಷ ಮುಂದಕ್ಕೆ ಹೋಯಿತು. ಘೋಷಣೆಯ ಮರುದಿನ ಮೀಟರ್ ನೋಡುವವರು ಇರಬೇಕು ಎನ್ನುವುದು ಇದಕ್ಕೇ.

ಗಾಳಿಪಟ
ಘೋಷಣೆ ಇಲ್ಲದಿದ್ದರೆ ಮೀಟರ್ ನೋಡಿಯೂ ಪ್ರಯೋಜನವಿಲ್ಲ. "ನೀವೇ ಒಪ್ಪಿದ್ದೀರಲ್ಲ" ಎಂದು ಹಿಡಿದು ಕೇಳಲು ಒಂದು ಆಧಾರ ಬೇಕು.

ಬೆಳದಿಂಗಳು
ಒಂದು ಮಾತು ಬೇರೆಯೇ ಇದೆ, ದಯವಿಟ್ಟು ಕೇಳಿಸಿಕೊಳ್ಳಿ. ನಮ್ಮ ಕ್ಯಾಂಪಸ್ಸಿನಲ್ಲಿ ಉಳಿತಾಯದ ಹೆಸರಿನಲ್ಲಿ ಗ್ರಂಥಾಲಯದಿಂದ ಹುಡುಗಿಯರ ನಿಲಯಕ್ಕೆ ಹೋಗುವ ದಾರಿಯ ದೀಪಗಳನ್ನು ಒಂದು ಬಿಟ್ಟು ಒಂದರಂತೆ ಆರಿಸಿದರು. ನಿರ್ಧರಿಸಿದ ಸಮಿತಿಯಲ್ಲಿ ಆ ದಾರಿಯಲ್ಲಿ ರಾತ್ರಿ ನಡೆಯುವವರು ಒಬ್ಬರೂ ಇರಲಿಲ್ಲ. ನಾವು ಗ್ರಂಥಾಲಯದಿಂದ ಬೇಗ ಹೊರಡಲು ಶುರುಮಾಡಿದೆವು. ಉಳಿದ ಯೂನಿಟ್ ಲೆಕ್ಕಕ್ಕೆ ಬಂತು, ನಾವು ಕಳೆದುಕೊಂಡ ಓದಿನ ಗಂಟೆಗಳು ಯಾವ ಲೆಕ್ಕಕ್ಕೂ ಬರಲಿಲ್ಲ. ಯಾರೂ ಇಲ್ಲದ ಸಭಾಂಗಣದ ಎಸಿ ಮಾತ್ರ ಓಡುತ್ತಲೇ ಇತ್ತು!

ನಿವೃತ್ತ ಎಲೆಕ್ಟ್ರಿಕಲ್
ಮಗಳೇ, ನಿನ್ನ ಮಾತು ನೂರಕ್ಕೆ ನೂರು ಸರಿ. ದಾರಿದೀಪ ಆರಿಸುವುದು ಉಳಿತಾಯವಲ್ಲ. ಹಳೆಯ ಸೋಡಿಯಂ ದೀಪ ತೆಗೆದು ಎಲ್‌ಇಡಿ ಹಾಕಲಿ, ಜನವಿಲ್ಲದಾಗ ಬೆಳಕು ತಗ್ಗಿ ಯಾರಾದರೂ ಬಂದೊಡನೆ ಹೆಚ್ಚುವ ಸೆನ್ಸರ್ ಹಾಕಲಿ. ಕತ್ತಲು ಮಾಡಬಾರದು.

ಪ್ರಯೋಗಶಾಲೆಯ ಮೂಲೆ
ಬೆಳದಿಂಗಳು, ಇದನ್ನು ಬರೆದದ್ದು ಒಳ್ಳೆಯದಾಯಿತು. ಏನನ್ನು ಆರಿಸಬೇಕೆಂದು ತೀರ್ಮಾನಿಸುವ ಸಭೆಯಲ್ಲಿ ಅಲ್ಲಿ ವಾಸಿಸುವವರು, ಗುಡಿಸುವವರು, ಕಾವಲಿಗಿರುವವರು ಇರಲೇಬೇಕು. ಸಭಾಂಗಣದ ಎಸಿ ಏಕೆ ಓಡುತ್ತಿತ್ತು ಎಂದು ತಿಳಿಯಿತೇ?

ಬೆಳದಿಂಗಳು
ತಿಳಿಯಿತು ಮೇಡಂ. ಎಸಿಯ ಸ್ವಿಚ್ ಇರುವ ಪೆಟ್ಟಿಗೆಗೆ ಬೀಗ. ಕೀಲಿ ಇರುವುದು ಸಂಜೆ ಐದಕ್ಕೆ ಮನೆಗೆ ಹೋಗುವವರ ಬಳಿ. ಕಾರ್ಯಕ್ರಮ ಮುಗಿಯುವುದು ಏಳಕ್ಕೆ. ಆರಿಸಲು ಯಾರಿಂದಲೂ ಆಗುತ್ತಿರಲಿಲ್ಲ, ಬೆಳಗ್ಗೆಯವರೆಗೆ ಓಡುತ್ತಿತ್ತು. ಕಾವಲಿನ ಅಣ್ಣನಿಗೆ ಇದು ಎಷ್ಟೋ ದಿನದಿಂದ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ. ನಾವು ಕೇಳಿ, ಬರೆದುಕೊಟ್ಟ ಮೇಲೆ ಇನ್ನೊಂದು ಕೀಲಿ ಕಾವಲುಕೋಣೆಗೆ ಬಂತು.

ಹಳೆಯ ವಾರ್ಡನ್
ಮಿಣುಕುಹುಳ ಅವರು ಕೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೇ? ಒಂದು ಕೀಲಿ!

ಎರಡನೇ ಮಹಡಿ
ಗಿಡ ನೆಡುವ ಕಾರ್ಯಕ್ರಮವನ್ನೂ ಇದಕ್ಕೆ ಸೇರಿಸಬಹುದೇ?

ಅಂಕಿಅಂಶ
ನೆಡಿ, ಆದರೆ ಅದನ್ನು ವಿದ್ಯುತ್ ಲೆಕ್ಕದೊಂದಿಗೆ ಬೆರೆಸಬೇಡಿ. ಗಿಡದ ಲೆಕ್ಕವೆಂದರೆ ಎಷ್ಟು ನೆಟ್ಟಿರಿ ಎಂದಲ್ಲ, ಮೂರು ವರ್ಷದ ಮೇಲೆ ಎಷ್ಟು ಉಳಿದಿವೆ ಎಂದು.

ನೇರನುಡಿ
ಓದುತ್ತಾ ಬಂದೆ. ಕೀಲಿಯ ವಿಷಯ, ಫ್ರೀಜರಿನ ವಿಷಯ ಒಪ್ಪುತ್ತೇನೆ. ಇಂಥವು ವಿದ್ಯಾರ್ಥಿಗಳಿಂದ ಆಗುತ್ತವೆ. ಆದರೂ ನನ್ನ ಮೂಲ ಆಕ್ಷೇಪ ಹಾಗೆಯೇ ಇದೆ. ವಿದ್ಯಾರ್ಥಿಗಳು ಮೂರು ನಾಲ್ಕು ವರ್ಷಕ್ಕೆ ಹೊರಟುಹೋಗುತ್ತಾರೆ, ಪರೀಕ್ಷೆ ಬಂದರೆ ಎಲ್ಲ ನಿಲ್ಲುತ್ತದೆ. ಉತ್ಸಾಹಿ ತಂಡ ಹೋದ ಮರುವರ್ಷ ಎಲ್ಲವೂ ಮೊದಲಿನಂತೆ. ಕೊನೆಗೆ ಸಂಸ್ಥೆ ಬಿಟ್ಟಿ ಕೆಲಸ ಮಾಡಿಸಿಕೊಂಡು ಪ್ರಶಸ್ತಿಗೆ ಅರ್ಜಿ ಹಾಕುತ್ತದೆ.

ಗಾಳಿಪಟ
ಇದಕ್ಕೆ ದಾರಿ ಇದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದಲ್ಲಿ 2010ರಲ್ಲಿ ಹಸಿರು ಕಚೇರಿ ಶುರುವಾಯಿತು. ವಿದ್ಯಾರ್ಥಿಗಳೇ ನಡೆಸುವ, ಸಿಬ್ಬಂದಿಯ ಬೆಂಬಲವಿರುವ, ಸಂಸ್ಥೆಯೇ ಹಣ ಕೊಡುವ ಕಚೇರಿ. ಸಂಘವಲ್ಲ, ಕಚೇರಿ. ಕೋಣೆ, ಆಯವ್ಯಯ, ಅಧಿಕೃತ ಜವಾಬ್ದಾರಿ ಎಲ್ಲವೂ ಉಂಟು. ಅದೇ ಮಾದರಿ ಯುರೋಪಿನ ಹತ್ತಾರು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 2007ರಲ್ಲಿ ಮತ ಹಾಕಿ, ಹಸಿರು ನಿಧಿಗೆಂದು ತಾವೇ ಒಂದು ಹೆಚ್ಚುವರಿ ಶುಲ್ಕ ಹಾಕಿಕೊಂಡರು, ಆ ಹಣ ಯಾವ ಯೋಜನೆಗೆ ಹೋಗಬೇಕೆಂದು ತೀರ್ಮಾನಿಸುವ ಸಮಿತಿಯಲ್ಲೂ ವಿದ್ಯಾರ್ಥಿಗಳಿದ್ದಾರೆ.

ನೇರನುಡಿ
ಕಚೇರಿಯ ಮಾದರಿ ಸರಿ. ಶುಲ್ಕ ಏರಿಸಿಕೊಳ್ಳುವುದು ಸುತರಾಂ ಬೇಡ. ಉಳಿತಾಯದ ಲಾಭ ಸಂಸ್ಥೆಗೆ, ಖರ್ಚು ವಿದ್ಯಾರ್ಥಿಗಳಿಗೆ, ಇದಾವ ನ್ಯಾಯ?

ಅಂಕಿಅಂಶ
ಹಾಗಾದರೆ ಸುತ್ತುನಿಧಿ ಕೇಳಿ. ಹಾರ್ವರ್ಡ್‌ನಲ್ಲಿ ಇಂಥ ಹಸಿರು ಸಾಲ ನಿಧಿಯನ್ನು 2000ದ ದಶಕದ ಆರಂಭದಿಂದ ನಡೆಸಿದ್ದಾರೆ. ಒಂದು ವಿಭಾಗ ಹಳೆಯ ದೀಪ ಬದಲಿಸಲು ನಿಧಿಯಿಂದ ಸಾಲ ಪಡೆಯುತ್ತದೆ, ಬಿಲ್ಲಿನಲ್ಲಿ ಉಳಿದ ಹಣದಿಂದಲೇ ತೀರಿಸುತ್ತದೆ, ತೀರಿದ ಹಣ ಮುಂದಿನ ಯೋಜನೆಗೆ ಹೋಗುತ್ತದೆ. ವಿದ್ಯಾರ್ಥಿಗಳ ಜೇಬಿಗೆ ಕೈ ಹಾಕಬೇಕಾಗಿಲ್ಲ. ಆದರೆ ಉಳಿತಾಯ ಎಷ್ಟೆಂದು ಅಳೆಯದೆ ಇದು ನಡೆಯುವುದಿಲ್ಲ, ಹಾಗಾಗಿ ಪ್ರತಿ ಕಟ್ಟಡಕ್ಕೂ ಉಪಮೀಟರ್ ಬೇಕೇ ಬೇಕು.

ಪ್ರಯೋಗಶಾಲೆಯ ಮೂಲೆ
ಮುಂದುವರಿಕೆಯ ಬಗ್ಗೆ ನನ್ನ ಅನುಭವ: ಪಠ್ಯಕ್ರಮದೊಳಗೆ ಸೇರಿಸಿದ್ದು ಉಳಿಯುತ್ತದೆ, ಸಂಘದ ಕೈಗೆ ಬಿಟ್ಟದ್ದು ಅಳಿಯುತ್ತದೆ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದು ಒಂದು ಕಟ್ಟಡದ ಶಕ್ತಿ ಲೆಕ್ಕಪರಿಶೋಧನೆ ಕೊಡಿ, ಅಂಕ ಕೊಡಿ. ಮುಂದಿನ ತಂಡ ಅದೇ ವರದಿಯಿಂದ ಶುರುಮಾಡಲಿ. ಬಿಟ್ಟಿ ಕೆಲಸ ಎಂಬ ದೂರಿಗೂ ಉತ್ತರ ಸಿಕ್ಕಂತಾಗುತ್ತದೆ.

ಮಿಣುಕುಹುಳ
ಎಲ್ಲರಿಗೂ ಧನ್ಯವಾದ. ನಿವೃತ್ತ ಎಲೆಕ್ಟ್ರಿಕಲ್ ಸರ್ ಹೇಳಿದಂತೆ ನಮ್ಮ ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಮುಖ್ಯ ಕಟ್ಟಡವನ್ನು ಸುತ್ತಿದೆವು. ಅವರು ಬಹಳ ಖುಷಿಯಿಂದ ತೋರಿಸಿದರು. ಮೀಟರನ್ನು ರಾತ್ರಿ ಹತ್ತಕ್ಕೂ ಬೆಳಗ್ಗೆ ಆರಕ್ಕೂ ಅವರೇ ಓದಿ ಹೇಳಿದರು. ಎಲ್ಲ ಕೋಣೆಗಳಿಗೆ ಬೀಗ ಬಿದ್ದಿದ್ದರೂ ಗಂಟೆಗೆ ಹಗಲಿನ ಅರ್ಧದಷ್ಟು ಹರಿಯುತ್ತಿದೆ. ನಂಬಲು ಆಗಲಿಲ್ಲ. ಮೇಲಿನ ಮಹಡಿಯಲ್ಲಿ ಪಾಠವೇ ನಡೆಯದ ಒಂದು ಕಂಪ್ಯೂಟರ್ ಕೋಣೆಯಿದೆ, ಅಲ್ಲಿನ ಎಸಿ 18 ಡಿಗ್ರಿಯಲ್ಲಿ ಓಡುತ್ತಿತ್ತು. ಸರ್, ಒಂದು ಅನುಮಾನ. ಮೀಟರಿನ ಅಂಕಿ ಬಹಳ ಚಿಕ್ಕದಾಗಿ ಕಾಣುತ್ತಿದೆ, ಇಷ್ಟು ದೊಡ್ಡ ಕಟ್ಟಡಕ್ಕೆ ಅಷ್ಟೇನಾ?

ನಿವೃತ್ತ ಎಲೆಕ್ಟ್ರಿಕಲ್
ಅಲ್ಲ. ದೊಡ್ಡ ಸಂಪರ್ಕಗಳಲ್ಲಿ ಮೀಟರಿಗೆ ಪೂರ್ತಿ ಕರೆಂಟ್ ಹೋಗುವುದಿಲ್ಲ, ಸಿ.ಟಿ. ಎಂಬ ಸಾಧನದ ಮೂಲಕ ಅದರ ಒಂದು ಚಿಕ್ಕ ಅಂಶ ಮಾತ್ರ ಹೋಗುತ್ತದೆ. ಮೀಟರಿನ ಮೇಲೋ ಬಿಲ್ಲಿನಲ್ಲೋ ಗುಣಕ ಎಷ್ಟೆಂದು ಬರೆದಿರುತ್ತದೆ. ಎರಡು ರೀಡಿಂಗಿನ ವ್ಯತ್ಯಾಸವನ್ನು ಅದರಿಂದ ಗುಣಿಸಿ. ನಿಮ್ಮ "ಅರ್ಧದಷ್ಟು" ಎಂಬ ಅನುಪಾತ ಅದರಿಂದ ಬದಲಾಗದು, ಯೂನಿಟ್ ಮಾತ್ರ ಹೆಚ್ಚುತ್ತದೆ. ಪ್ಯಾನೆಲ್ ಬಾಗಿಲನ್ನು ನೀವು ತೆರೆಯಬೇಡಿ, ಎಲೆಕ್ಟ್ರಿಷಿಯನ್ನರೇ ತೆರೆದು ಓದಲಿ, ನೀವು ಬರೆದುಕೊಳ್ಳಿ. ಆ ಎಸಿಯ ವಿಷಯವನ್ನು ವಿಭಾಗದ ಮುಖ್ಯಸ್ಥರಿಗೆ ನಾಳೆಯೇ ತಿಳಿಸಿ. ಉಷ್ಣತೆ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಉಳಿಯುತ್ತದೆ ಎಂಬುದು ಸಾಮಾನ್ಯ ಅಂದಾಜು, ಆದರೆ ಯಾರೂ ಇಲ್ಲದ ಕೋಣೆಗೆ ಆ ಲೆಕ್ಕವೂ ಬೇಡ, ಆರಿಸಿದರಾಯಿತು.

ಎರಡನೇ ಮಹಡಿ
ನಮ್ಮಲ್ಲಿ ಮೀಟರ್ ಕೋಣೆಯ ಹತ್ತಿರಕ್ಕೂ ಬಿಡುವುದಿಲ್ಲ. ಏನು ಮಾಡಲಿ?

ಹಳೆಯ ವಾರ್ಡನ್
ಒಳಗೆ ಹೋಗಬೇಕೆಂದು ಕೇಳಬೇಡಿ. ದಿನಕ್ಕೆರಡು ರೀಡಿಂಗ್ ಬರೆದುಕೊಡಿ ಎಂದು ಲಿಖಿತವಾಗಿ ಕೇಳಿ, ಅಧ್ಯಾಪಕರೊಬ್ಬರ ಸಹಿ ಇರಲಿ. ಬೇಡ ಎಂದರೆ ಅದನ್ನೂ ಬರವಣಿಗೆಯಲ್ಲೇ ಕೊಡಲಿ.

ಅಂಕಿಅಂಶ
ರಜಾದಿನದ ರೀಡಿಂಗ್ ಬಿಡಬೇಡಿ. ಮಿಣುಕುಹುಳ, ಈಗಿನಿಂದ ಒಂದು ತಿಂಗಳು ಏನನ್ನೂ ಬದಲಿಸದೆ ಬರೆದಿಡಲು ಆಗುತ್ತದೆಯೇ? ಮೊದಲಿನ ಸ್ಥಿತಿಯ ದಾಖಲೆ ಇಲ್ಲದಿದ್ದರೆ ನಂತರದ ಉಳಿತಾಯವನ್ನು ಯಾರೂ ನಂಬುವುದಿಲ್ಲ.

ಮಿಣುಕುಹುಳ
ಒಂದು ತಿಂಗಳು ಆ ಎಸಿ ಓಡುವುದನ್ನು ನೋಡುತ್ತಾ ಸುಮ್ಮನಿರಲು ನನ್ನಿಂದಾಗದು. ಅದೊಂದನ್ನು ಆರಿಸಿಸುತ್ತೇನೆ, ಆರಿಸಿದ ದಿನ ಮತ್ತು ಗಂಟೆ ಬರೆದಿಡುತ್ತೇನೆ. ಉಳಿದದ್ದೆಲ್ಲ ಇದ್ದಂತೆಯೇ ಇರಲಿ, ರೀಡಿಂಗ್ ಇವತ್ತಿನಿಂದಲೇ ಶುರು.